ಗೊರಸು ಮತ್ತು ಲಾಳ: ಬರಿಗಾಲು ಲೇಸೋ, ಕಬ್ಬಿಣ ಲೇಸೋ?

ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನ ಸುತ್ತಮುತ್ತಲಿನ ಊರುಗಳಲ್ಲಿ ಹುಟ್ಟಿ ಬೆಳೆದವರಿಗೆ ಈ ದೃಶ್ಯ ಹೊಸದಲ್ಲ. ಮರದ ನೆರಳಿನಲ್ಲಿ ಒಂದು ಎತ್ತನ್ನು ಹಗ್ಗ ಹಾಕಿ ಮೆಲ್ಲಗೆ ಕೆಡವಿರುತ್ತಾರೆ. ಕಾಲುಗಳನ್ನು ಕೂಡಿಸಿ ಬಿಗಿದು, ಒಬ್ಬನು ಅದರ ತಲೆಯನ್ನು ಅದುಮಿ ಹಿಡಿದಿರುತ್ತಾನೆ. ಲಾಳ ಕಟ್ಟುವವನು ಪಕ್ಕದಲ್ಲಿ ಕುಳಿತು ಗೊರಸಿನ ತಳವನ್ನು ಕೆತ್ತಿ, ಕಬ್ಬಿಣದ ಸಣ್ಣ ಬಿಲ್ಲೆಯನ್ನಿಟ್ಟು, ಒಂದೊಂದಾಗಿ ಮೊಳೆ ಬಡಿಯುತ್ತಾನೆ. ಎತ್ತು ಬುಸುಗುಟ್ಟುತ್ತದೆ, ಆದರೆ ನೋವಿನಿಂದಲ್ಲ, ಬಿದ್ದಿರುವ ಭಯದಿಂದ. ಟ್ರ್ಯಾಕ್ಟರು ಬಂದ ಮೇಲೆ ಈ ದೃಶ್ಯ ವಿರಳವಾಗಿದೆಯಾದರೂ ಅಳಿದುಹೋಗಿಲ್ಲ.

ಈ ಕೆಲಸವನ್ನು ನೋಡುತ್ತ ನಿಂತ ವಿದ್ಯಾರ್ಥಿಯ ಮನಸ್ಸಿನಲ್ಲಿ ಕೆಲವು ಪ್ರಶ್ನೆಗಳು ಏಳುವುದು ಸಹಜ. ಮೊಳೆ ಹೊಡೆದರೂ ರಕ್ತ ಬಾರದಿರುವುದೇಕೆ? ಕುದುರೆಗೆ ನಿಂತಲ್ಲಿಯೇ ಲಾಳ ಹೊಡೆಯುವರು, ಎತ್ತನ್ನು ಕೆಡವುವುದೇಕೆ? ಕುದುರೆಯ ಕಾಲಿಗೆ ಒಂದೇ ಲಾಳ, ಎತ್ತಿನ ಕಾಲಿಗೆ ಎರಡೇಕೆ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಕಾಡಿನ ಪ್ರಾಣಿಗಳು ಬರಿಗಾಲಿನಲ್ಲಿಯೇ ಸುಖವಾಗಿ ಓಡಾಡುತ್ತಿರುವಾಗ ನಮ್ಮ ದನಕರುಗಳಿಗೆ ಲಾಳವೇ ಬೇಕೇ? ಈ ಕೊನೆಯ ಪ್ರಶ್ನೆಯನ್ನು ಕುರಿತು ಜಗತ್ತಿನ ಕುದುರೆಗಾರರಲ್ಲಿ ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ವಾದ ನಡೆದಿದೆ. ಆ ವಾದದ ಎರಡೂ ಪಕ್ಷಗಳನ್ನು ಇಲ್ಲಿ ತೂಗಿ ನೋಡೋಣ.

ಗೊರಸು ಎಂದರೇನು?

ನಿಮ್ಮ ಕೈಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ನಡುಬೆರಳಿನ ತುದಿಯೊಂದೇ ಮೇಜಿಗೆ ತಾಗುವಂತೆ ಮಾಡಿರಿ. ಕುದುರೆ ನಿಲ್ಲುವುದು ಹೀಗೆ. ಅದರ ಪ್ರತಿಯೊಂದು ಕಾಲಿನಲ್ಲಿಯೂ ಉಳಿದಿರುವುದು ನಡುಬೆರಳೊಂದೇ. ಅದರ ಉಗುರೇ ಬೆಳೆದು ಗೊರಸಾಗಿದೆ. ಈಗ ನಡುಬೆರಳನ್ನೂ ಉಂಗುರಬೆರಳನ್ನೂ ಕೂಡಿಸಿ ಊರಿರಿ. ಎತ್ತು ನಿಲ್ಲುವುದು ಹೀಗೆ. ಎರಡು ಬೆರಳುಗಳಿಗೆ ಎರಡು ಉಗುರುಗಳಿರುವುದರಿಂದ ಅದರ ಗೊರಸು ಸೀಳಿದಂತೆ ಕಾಣುವುದು.

ನಮ್ಮ ಉಗುರು, ಕೂದಲು, ದನದ ಕೊಂಬು, ಗೊರಸು ಎಲ್ಲವೂ ಕೆರಾಟಿನ್ ಎಂಬ ಒಂದೇ ಜಾತಿಯ ಪ್ರೋಟೀನಿನಿಂದ ಆದುವು. ಗೊರಸಿನ ಹೊರಗೋಡೆಯಲ್ಲಿ ನರವೂ ಇಲ್ಲ, ರಕ್ತನಾಳವೂ ಇಲ್ಲ. ಉಗುರು ಕತ್ತರಿಸಿಕೊಂಡಾಗ ನಮಗೆ ನೋವಾಗದಿರುವಂತೆಯೇ, ಗೋಡೆಯಲ್ಲಿ ಮೊಳೆ ಹೋದರೆ ಪ್ರಾಣಿಗೆ ನೋವಾಗುವುದಿಲ್ಲ. ಆದರೆ ಗೋಡೆಯ ಒಳಗಡೆ ಜೀವಭಾಗವಿದೆ. ಕುದುರೆಯ ಗೊರಸಿನ ಒಳಮೈಯಲ್ಲಿ ಪುಸ್ತಕದ ಹಾಳೆಗಳಂತೆ ನಿಂತ ಸುಮಾರು 600 ತೆಳುಪದರಗಳಿರುತ್ತವೆ. ಇವು ಮೂಳೆಯ ಕಡೆಯಿಂದ ಬಂದ ಜೀವಪದರಗಳೊಡನೆ ಒಂದರೊಳಗೊಂದು ಹೆಣೆದುಕೊಂಡಿವೆ. ಕುದುರೆಯ ಭಾರವೆಲ್ಲವೂ ಈ ಹೆಣಿಗೆಯಲ್ಲಿ ತೂಗಿಕೊಂಡಿರುವುದು. ಅದು ಉರಿಯೂತದಿಂದ ಸಡಿಲವಾದರೆ ಕಾಲಿನ ಮೂಳೆ ಕೆಳಕ್ಕೆ ಕುಸಿಯಬಹುದು. ಅಂಥ ಕುದುರೆ ನಿಲ್ಲಲಾರದು.

ಗೊರಸನ್ನು ಮಗುಚಿ ನೋಡಿದರೆ ಅಂಚಿನಲ್ಲಿ ಗೋಡೆ, ಅದಕ್ಕೆ ಒಳಗಾಗಿ ತಿಳಿಬಣ್ಣದ ಒಂದು ಗೆರೆ, ನಡುವೆ ತಗ್ಗಾದ ಅಂಗಾಲು ಕಾಣುತ್ತವೆ. ಹಿಂಬದಿಯಲ್ಲಿ ತ್ರಿಕೋನಾಕಾರದ ಮೆತ್ತನೆಯ ಭಾಗವೊಂದಿದೆ. ಪಶುವೈದ್ಯರು ಇದನ್ನು ಫ್ರಾಗ್ ಎನ್ನುವರು. ನಾವು ತ್ರಿಕೋನ ಮೆತ್ತೆ ಎನ್ನೋಣ. ಆ ತಿಳಿಬಣ್ಣದ ಗೆರೆಯೇ ಲಾಳಗಾರನ ಲಕ್ಷ್ಮಣರೇಖೆ. ಮೊಳೆ ಅದರ ಹೊರಗೇ ಇರಬೇಕು. ಒಳಗೆ ಹೋಯಿತೆಂದರೆ ಜೀವಕ್ಕೆ ತಾಗಿದಂತೆಯೇ.

ಇನ್ನೊಂದು ಸಂಗತಿಯುಂಟು. ಗೊರಸು ಕಲ್ಲಿನಂತೆ ಜಡವಾದುದಲ್ಲ. ಕುದುರೆ ಭಾರವೂರಿದಾಗ ಗೊರಸಿನ ಹಿಂಭಾಗ ಒಂದೆರಡು ಮಿಲಿಮೀಟರುಗಳಷ್ಟು ಅಗಲವಾಗುತ್ತದೆ, ಕಾಲೆತ್ತಿದಾಗ ಮೊದಲಿನಂತಾಗುತ್ತದೆ. ಈ ಅಗಲುವಿಕೆಯಿಂದ ನೆಲದ ಪೆಟ್ಟು ಮೆತ್ತಗಾಗುವುದು. ಬರಿಗಾಲಿನ ಪಕ್ಷದವರ ವಾದವೆಲ್ಲವೂ ಈ ಒಂದು ಸಂಗತಿಯ ಮೇಲೆ ನಿಂತಿದೆ ಎಂದರೂ ಸಲ್ಲುವುದು.

ಬೆಳವಣಿಗೆ ಮತ್ತು ಸವೆತದ ಲೆಕ್ಕ

ಕುದುರೆಯ ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರು ಬೆಳೆಯುತ್ತದೆ. ಕೂದಲಿನ ಅಂಚಿನಲ್ಲಿ ಇಂದು ಹುಟ್ಟಿದ ಭಾಗ ಮುಂತುದಿಯ ನೆಲವನ್ನು ಮುಟ್ಟಲು 9ರಿಂದ 12 ತಿಂಗಳು ಬೇಕು. ದನದ ಗೊರಸಿನ ಬೆಳವಣಿಗೆ ಇದಕ್ಕಿಂತ ನಿಧಾನ, ತಿಂಗಳಿಗೆ ಸುಮಾರು 5 ಮಿಲಿಮೀಟರು. ಬೆಳೆದುದನ್ನು ನೆಲವು ಸವೆಸುತ್ತದೆ. ಬೆಳವಣಿಗೆ ಮತ್ತು ಸವೆತಗಳ ಸಂಬಂಧವನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಬೆಳವಣಿಗೆಯೂ ಸವೆತವೂ ಸಮವಾಗಿರುವುದು. ಆಗ ಕತ್ತರಿಯೂ ಬೇಡ, ಲಾಳವೂ ಬೇಡ. ಎರಡನೆಯದು, ಸವೆತಕ್ಕಿಂತ ಬೆಳವಣಿಗೆ ಹೆಚ್ಚಾಗಿರುವುದು. ಹಟ್ಟಿಯಲ್ಲಿ ಕಟ್ಟಿಯೇ ಇರುವ ಹಸು, ಮೆತ್ತನೆಯ ಹುಲ್ಲುಗಾವಲಿನ ಕುದುರೆ ಇವುಗಳ ಸ್ಥಿತಿ ಇದು. ಇಲ್ಲಿ ಗೊರಸನ್ನು ಕತ್ತರಿಸಲೇಬೇಕು. ಮೂರನೆಯದು, ಬೆಳವಣಿಗೆಗಿಂತ ಸವೆತ ಹೆಚ್ಚಾಗಿರುವುದು. ಖಡಿ ಹಾಕಿದ ರಸ್ತೆಯಲ್ಲಿ ದಿನವೂ ಭಾರ ಎಳೆಯುವ ಪ್ರಾಣಿಯ ಗತಿ ಇದು. ಲಾಳ ಹುಟ್ಟಿದ್ದು ಈ ಮೂರನೆಯ ಸ್ಥಿತಿಗಾಗಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಎತ್ತು ಹೊಲದಲ್ಲಿ ರಂಟೆ, ಕುಂಟೆ ಎಳೆಯುವಾಗ ತಿಂಗಳಿಗೆ 4 ಮಿಲಿಮೀಟರು ಸವೆಯುವುದೆಂದು ಭಾವಿಸಿರಿ. ಬೆಳವಣಿಗೆ 5, ತಿಂಗಳಿಗೆ 1 ಮಿಲಿಮೀಟರು ಉಳಿಯಿತು. ಅದೇ ಎತ್ತನ್ನು ಚಕ್ಕಡಿಗೆ ಕಟ್ಟಿ ಗಟ್ಟಿ ರಸ್ತೆಯಲ್ಲಿ ದುಡಿಸಿದಾಗ ತಿಂಗಳಿಗೆ 7 ಸವೆದರೆ, 2 ಮಿಲಿಮೀಟರು ಸಾಲವಾಯಿತು. ದನದ ಅಂಗಾಲಿನ ದಪ್ಪವೇ ಸುಮಾರು 5ರಿಂದ 7 ಮಿಲಿಮೀಟರು. ಎರಡು ಮೂರು ತಿಂಗಳು ಸಾಲ ಬೆಳೆದರೆ ಎತ್ತು ಕುಂಟದೆ ಏನು ಮಾಡೀತು? ಇಲ್ಲಿ ಸವೆತದ ಅಂಕಿಗಳು ಕಲ್ಪಿತವಾದರೂ ಲೆಕ್ಕದ ರೀತಿ ನಿಜವಾದುದು. ಉಳುಮೆಗೆ ಮಾತ್ರ ಕಟ್ಟುವ ಎತ್ತಿಗೆ ಲಾಳವಿಲ್ಲದೆ ನಡೆಯುವುದು, ಚಕ್ಕಡಿಯ ಎತ್ತಿಗೆ ನಡೆಯದಿರುವುದು ಇದರಿಂದ ಸ್ಪಷ್ಟವಾಗುವುದು.

ನಮ್ಮ ಭಾಗದ ನೆಲವೂ ಈ ಲೆಕ್ಕದಲ್ಲಿ ಸೇರುತ್ತದೆ. ಮೆತ್ತನೆಯ ಎರೆಭೂಮಿಯಲ್ಲಿ ಸವೆತ ಕಡಿಮೆ. ಹರಳಿನಿಂದ ಕೂಡಿದ ಮಸಾರಿಯಲ್ಲಿ ಹೆಚ್ಚು. ಮಳೆಗಾಲದಲ್ಲಿ ಕೆಸರಿನಲ್ಲಿ ನೆನೆದ ಗೊರಸು ನೀರು ಹೀರಿ ಮೆತ್ತಗಾಗುತ್ತದೆ. ಅದೇ ಗೊರಸು ಮರುದಿನ ಗಟ್ಟಿ ರಸ್ತೆಗೆ ಬಂದರೆ ಬೇಗನೆ ಸವೆಯುವುದು. ಹೊಡೆದ ಮೊಳೆಗಳೂ ಬೇಗ ಸಡಿಲವಾಗುವುವು.

ಬಹು ಹಳೆಯ ವಾದ

ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಲೇಖಕ ಜೆನೊಫನ್ನನು ಕುದುರೆ ಸಾಕಣೆಯನ್ನು ಕುರಿತು ಬರೆಯುವಾಗ, ಕುದುರೆಯನ್ನು ನಿಲ್ಲಿಸುವ ಸ್ಥಳದಲ್ಲಿ ದುಂಡು ಕಲ್ಲುಗಳನ್ನು ಹರಡಬೇಕು, ಅದರಿಂದ ಗೊರಸು ಗಟ್ಟಿಯಾಗುವುದು ಎಂದು ಹೇಳಿದನು. ಅವನಿಗೆ ಮೊಳೆಯ ಲಾಳದ ಪರಿಚಯವಿರಲಿಲ್ಲ. ರೋಮನರು ಕಬ್ಬಿಣದ ಪಾದರಕ್ಷೆಯನ್ನು ಕಟ್ಟುತ್ತಿದ್ದರು. ಮೊಳೆ ಹೊಡೆದು ಕೂಡಿಸುವ ಲಾಳ ಯುರೋಪಿನಲ್ಲಿ ವ್ಯಾಪಕವಾದುದು ಮಧ್ಯಯುಗದಲ್ಲಿ. 1835ರಲ್ಲಿ ಅಮೆರಿಕದ ಹೆನ್ರಿ ಬರ್ಡನ್ ಎಂಬವನು ಲಾಳ ತಯಾರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಅಲ್ಲಿಂದ ಲಾಳ ಕಾರಖಾನೆಯ ವಸ್ತುವಾಯಿತು.

ಲಾಳದ ಮೇಲೆ ಮೊದಲ ದೊಡ್ಡ ಆಕ್ಷೇಪಣೆಯನ್ನು ಪ್ರಯೋಗದ ಮೂಲಕ ಎತ್ತಿದವರಲ್ಲಿ ಇಂಗ್ಲೆಂಡಿನ ಪಶುವೈದ್ಯ ಬ್ರೇಸಿ ಕ್ಲಾರ್ಕ್ ಪ್ರಮುಖನು. ಒಂದು ಎಳೆಯ ಕುದುರೆಯ ಗೊರಸಿನ ಅಚ್ಚುಗಳನ್ನು ವರ್ಷದಿಂದ ವರ್ಷಕ್ಕೆ ತೆಗೆದು, ಲಾಳ ಹೊಡೆದಂತೆಲ್ಲ ಹಿಮ್ಮಡಿ ಇಕ್ಕಟ್ಟಾಗುತ್ತ ಬಂದುದನ್ನು ಅವನು ತೋರಿಸಿದನು. 1809ರಲ್ಲಿ ಅವನ ಪ್ರಯೋಗಗಳು ಪ್ರಕಟವಾದುವು. ಗೊರಸು ಅಗಲುವ ವಸ್ತು, ಕಬ್ಬಿಣ ಅಗಲದ ವಸ್ತು. ಎರಡನ್ನೂ ಮೊಳೆಯಿಂದ ಬಂಧಿಸಬಾರದು ಎಂಬುದು ಅವನ ತರ್ಕ.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಒಂದು ಕುದುರೆಯನ್ನು ನೋಡಿ ಎಲ್ಲ ಕುದುರೆಗಳ ಮೇಲೆ ತೀರ್ಪು ಕೊಡಬಹುದೇ? ಆ ಇಕ್ಕಟ್ಟಿಗೆ ಲಾಳವೇ ಕಾರಣವೋ, ಲಾಳ ಹೊಡೆದ ರೀತಿ ಕಾರಣವೋ? ಕ್ಲಾರ್ಕನ ಅವಲೋಕನ ಬೆಲೆಯುಳ್ಳದ್ದು. ಅದರಿಂದ ಅವನು ತೆಗೆದ ತೀರ್ಮಾನ ಅಷ್ಟೇ ಬಲವಾದುದಲ್ಲ.

ಕುದುರೆಗೆ ನಾಲ್ಕು ದಾರಿಗಳು

ಬರಿಗಾಲಿನ ಪದ್ಧತಿ: ಈ ಪದ್ಧತಿಯಲ್ಲಿ ಆರೆಂಟು ವಾರಕ್ಕೊಮ್ಮೆ ಗೊರಸಿನ ಹೆಚ್ಚಳವನ್ನು ತೆಗೆದು, ಅಂಚನ್ನು ಅರದಿಂದ ಉಜ್ಜಿ ದುಂಡಾಗಿಸುವರು. ತ್ರಿಕೋನ ಮೆತ್ತೆ ನೆಲವನ್ನು ಮುಟ್ಟುವಂತೆ ಬಿಡುವರು. ಅಮೆರಿಕದ ಕಾಡುಕುದುರೆಗಳ ಗೊರಸನ್ನು ನೋಡಿದ ಜೈಮಿ ಜಾಕ್ಸನ್ ಎಂಬ ಲಾಳಗಾರ 1992ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಪದ್ಧತಿಗೆ ಹೊಸ ಬಲ ಬಂದಿತು. ಗುಣಗಳು ಇವು: ಗೊರಸು ಸಹಜವಾಗಿ ಅಗಲುತ್ತದೆ, ಮೊಳೆಯ ಅಪಾಯವಿಲ್ಲ, ಕಾಲು ಹಗುರವಾಗಿರುತ್ತದೆ. ದೋಷವೂ ಉಂಟು. ಲಾಳಕ್ಕೆ ಒಗ್ಗಿದ ಕುದುರೆಯ ಲಾಳವನ್ನು ಒಮ್ಮೆಲೇ ಕಿತ್ತು ಕಲ್ಲುಹಾದಿಯಲ್ಲಿ ನಡೆಸಿದರೆ ಅದು ಕುಂಟುತ್ತದೆ. ಇನ್ನು ಕಾಡುಕುದುರೆಗಳ ಗೊರಸು ನಿರ್ದೋಷವೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಆಸ್ಟ್ರೇಲಿಯದ ಕಾಡುಕುದುರೆಗಳನ್ನು ಪರೀಕ್ಷಿಸಿದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಅವುಗಳಲ್ಲಿಯೂ ಗೊರಸಿನ ರೋಗಗಳನ್ನು ಕಂಡರು. ಕಾಡಿನಲ್ಲಿ ಕುಂಟುವ ಕುದುರೆ ನಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಅದು ಬಹುಕಾಲ ಬದುಕದಿರುವುದೂ ಒಂದು ಕಾರಣ.

ತಣ್ಣನೆಯ ಲಾಳ: ಸಿದ್ಧವಾದ ಲಾಳವನ್ನು ಕಾಯಿಸದೆ, ಸುತ್ತಿಗೆಯಿಂದ ಬಡಿದು ಸ್ವಲ್ಪ ಹೊಂದಿಸಿ ಹೊಡೆಯುವುದು ಈ ಪದ್ಧತಿ. ಕುಲುಮೆ ಬೇಡ, ಖರ್ಚು ಕಡಿಮೆ, ಕೆಲಸ ಬೇಗ. ಆದರೆ ಲಾಳಕ್ಕೆ ತಕ್ಕಂತೆ ಗೊರಸನ್ನೇ ಉಜ್ಜಿ ಚಿಕ್ಕದಾಗಿಸುವ ಪ್ರಲೋಭನೆ ಇಲ್ಲಿ ಹೆಚ್ಚು. ಕಾಲಿಗೆ ತಕ್ಕ ಚಪ್ಪಲಿಯನ್ನು ಹುಡುಕದೆ ಚಪ್ಪಲಿಗೆ ತಕ್ಕಂತೆ ಕಾಲನ್ನು ಕೆತ್ತಿದಂತೆ ಇದು.

ಬಿಸಿ ಲಾಳ: ಕಾಯಿಸಿದ ಲಾಳವನ್ನು ಗೊರಸಿಗೆ ಕೆಲವು ಕ್ಷಣ ಮುಟ್ಟಿಸಿ ತೆಗೆಯುವರು. ಉಬ್ಬಿದ ಭಾಗ ಸುಟ್ಟು ಕಪ್ಪಾಗಿ ಎಲ್ಲಿ ಹೊಂದುತ್ತಿಲ್ಲವೆಂಬುದು ತಿಳಿಯುತ್ತದೆ. ಆಗ ಏಳುವ ಕೂದಲು ಸುಟ್ಟಂಥ ವಾಸನೆಗೆ ಕೆರಾಟಿನಿನಲ್ಲಿರುವ ಗಂಧಕವೇ ಕಾರಣ. ಗೊರಸು ಉಷ್ಣವಾಹಕವಲ್ಲವಾದ್ದರಿಂದ ಅಷ್ಟರೊಳಗೆ ಬಿಸಿ ಜೀವಭಾಗಕ್ಕೆ ಇಳಿಯದು. ಲಾಳ ಕುಳಿತಂತೆ ಕುಳಿತುಕೊಳ್ಳುತ್ತದೆ. ಆದರೆ ಅಂಗಾಲು ತೆಳುವಾದ ಕುದುರೆಗೆ ಹೆಚ್ಚು ಹೊತ್ತು ಹಿಡಿದರೆ ಸುಟ್ಟಗಾಯವಾಗುವುದು. ಇದು ಪಳಗಿದ ಕೈಯ ಕೆಲಸ.

ಹಗುರವಾದ ಲಾಳ ಮತ್ತು ಪಾದರಕ್ಷೆ: ಪಂದ್ಯದ ಕುದುರೆಗಳಿಗೆ ಸಾಮಾನ್ಯವಾಗಿ ಅಲ್ಯುಮಿನಿಯಮ್ಮಿನ ಲಾಳ ಹಾಕುವರು. ಕಾರಣ ಸರಳವಾದ ಭೌತಶಾಸ್ತ್ರ. ತೂಗಾಡುವ ವಸ್ತುವಿನ ಜಡತ್ವ ಅದರ ದೂರದ ವರ್ಗಕ್ಕೆ ಅನುಪಾತವಾಗಿರುತ್ತದೆ. ತೊಡೆಯ ಬಳಿಯಿರುವ 100 ಗ್ರಾಂ ಭಾರ ನಾಲ್ಕರಷ್ಟು ದೂರದ ಗೊರಸಿಗೆ ಹೋದರೆ, ಕಾಲನ್ನು ಬೀಸುವಾಗ ಅದರ ಜಡತ್ವ 4 × 4, ಎಂದರೆ 16 ಪಟ್ಟಾಗುವುದು. ಆದರೆ ಅಲ್ಯುಮಿನಿಯಂ ಬೇಗ ಸವೆಯುವುದರಿಂದ ಟಾಂಗಾ ಎಳೆಯುವ ಕುದುರೆಗೆ ಅದು ಸಲ್ಲದು. ಈಚೆಗೆ ರಬ್ಬರು, ಪ್ಲಾಸ್ಟಿಕ್ಕುಗಳ ಪಾದರಕ್ಷೆಗಳೂ, ಅಂಟಿನಿಂದ ಕೂಡಿಸುವ ಲಾಳಗಳೂ ಬಂದಿವೆ. ಬೇಕಾದಾಗ ತೊಡಿಸಿ ಬೇಡವಾದಾಗ ಕಳಚುವ ಅನುಕೂಲ ಪಾದರಕ್ಷೆಗೆ ಉಂಟು.

ಎಲ್ಲ ಲಾಳಗಳಿಗೂ ಸಮಾನವಾದ ಒಂದು ತೊಡಕಿದೆ. ಲಾಳ ಸವೆತವನ್ನು ನಿಲ್ಲಿಸುತ್ತದೆ, ಬೆಳವಣಿಗೆಯನ್ನು ನಿಲ್ಲಿಸುವುದಿಲ್ಲ. ತಿಂಗಳಿಗೆ 8 ಮಿಲಿಮೀಟರಿನಂತೆ ಆರು ವಾರಗಳಲ್ಲಿ ಗೊರಸು ಸುಮಾರು 12 ಮಿಲಿಮೀಟರು ಬೆಳೆಯುವುದು. ಮುಂಗೋಡೆ ನೆಲಕ್ಕೆ ಸುಮಾರು 50 ಅಂಶ ಓರೆಯಾಗಿರುವುದರಿಂದ ತುದಿ 7–8 ಮಿಲಿಮೀಟರು ಮುಂದಕ್ಕೆ ಚಾಚುತ್ತದೆ. ಹೆಜ್ಜೆ ಕಿತ್ತಾಗಲೆಲ್ಲ ಈ ಚಾಚು ಸನ್ನೆಗೋಲಿನಂತೆ ಸ್ನಾಯುಬಂಧಗಳನ್ನು ಜಗ್ಗುವುದು. ಆದ್ದರಿಂದ ಲಾಳ ಸವೆಯದಿದ್ದರೂ ಆರು ವಾರಕ್ಕೊಮ್ಮೆ ಅದನ್ನು ಕಿತ್ತು, ಗೊರಸು ಕತ್ತರಿಸಿ, ಮತ್ತೆ ಹೊಡೆಯಬೇಕು. ‘ಲಾಳ ಇನ್ನೂ ಚೆನ್ನಾಗಿದೆ’ ಎಂದು ನಾಲ್ಕು ತಿಂಗಳು ಬಿಡುವುದು ಉಳಿತಾಯವಲ್ಲ.

ಗೊರಸಿನ ಹಿಂಭಾಗ ಅಗಲುವುದಷ್ಟೆ? ಅದಕ್ಕಾಗಿಯೇ ಜಾಣ ಲಾಳಗಾರನು ಗೊರಸಿನ ಅತ್ಯಂತ ಅಗಲವಾದ ಸ್ಥಳಕ್ಕಿಂತ ಹಿಂದೆ ಮೊಳೆ ಹೊಡೆಯುವುದಿಲ್ಲ. ಮುಂಭಾಗ ಬಂಧಿತವಾದರೂ ಹಿಂಭಾಗಕ್ಕೆ ಸ್ವಲ್ಪ ಸ್ವಾತಂತ್ರ್ಯ ಉಳಿಯುತ್ತದೆ. ಕ್ಲಾರ್ಕನ ಆಕ್ಷೇಪಣೆಗೆ ಕಸುಬಿನವರು ಕೊಟ್ಟ ಉತ್ತರ ಇದು.

ಎತ್ತಿನ ಗೊರಸು ಬೇರೆ

ಕುದುರೆಯ ನಿಯಮಗಳನ್ನು ಎತ್ತಿಗೆ ಹಾಗೆಯೇ ಅನ್ವಯಿಸಲಾಗದು. ಎತ್ತು ಹೆಜ್ಜೆಯಿಟ್ಟಾಗ ಎರಡು ಬೆರಳುಗಳೂ ಒಂದರಿಂದೊಂದು ಅಗಲುತ್ತವೆ. ಎರಡನ್ನೂ ಸೇರಿಸಿ ಒಂದೇ ಲಾಳ ಹೊಡೆದರೆ ಈ ಚಲನೆಯೇ ನಿಂತುಹೋಗುವುದು. ಆದುದರಿಂದ ಕಾಲಿಗೆ ಎರಡರಂತೆ ಒಂದು ಎತ್ತಿಗೆ ಎಂಟು, ಜೋಡಿಗೆ ಹದಿನಾರು ಬಿಲ್ಲೆಗಳು ಬೇಕು. ಎತ್ತಿನ ಗೋಡೆ ಕುದುರೆಯದಕ್ಕಿಂತ ತೆಳು. ಮೊಳೆಯೂ ತೆಳುವಾಗಿರಬೇಕು, ಹೊರ ಅಂಚಿನಲ್ಲಿ ಮಾತ್ರ ಹೊಡೆಯಬೇಕು. ಎರಡು ಬೆರಳುಗಳ ನಡುವಿನ ಒಳಗೋಡೆಗೆ ಮೊಳೆ ಹೊಡೆಯುವಂತಿಲ್ಲ.

ಕುದುರೆ ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಲಾಳಗಾರನ ಕೈಗೆ ಕೊಡಲು ಕಲಿಯುತ್ತದೆ. ಎತ್ತು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಯುರೋಪಿನಲ್ಲಿ ಅದನ್ನು ಮರದ ಚೌಕಟ್ಟಿನಲ್ಲಿ ನಿಲ್ಲಿಸಿ ಪಟ್ಟಿಗಳಿಂದ ಆಧರಿಸುತ್ತಿದ್ದರು, ನಮ್ಮಲ್ಲಿ ಕೆಡವುವರು. ಕೆಡವುವುದರಲ್ಲಿ ಒಂದು ಅಪಾಯವಿದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಸದಾ ವಾಯು ಹುಟ್ಟುತ್ತಿದ್ದು ತೇಗಿನಿಂದ ಹೊರಬೀಳುತ್ತದೆ. ಮಗ್ಗುಲಾಗಿ ಮಲಗಿದಾಗ ತೇಗು ಬಾರದೆ ಹೊಟ್ಟೆ ಉಬ್ಬುವುದು. ಆದ್ದರಿಂದ ಹೊಟ್ಟೆ ತುಂಬಿದಾಗ ಕೆಡವಬಾರದು. ಮೆತ್ತನೆಯ ನೆಲದಲ್ಲಿ ಕೆಡವಿ ಕೆಲಸವನ್ನು ಬೇಗ ಮುಗಿಸಿ ಎಬ್ಬಿಸಬೇಕು.

ಅಮೃತಮಹಲ್ ತಳಿಯನ್ನು ವರ್ಣಿಸುವವರು ಅದರ ಕಿರಿದಾದ, ಗಟ್ಟಿಯಾದ, ಕಪ್ಪು ಗೊರಸನ್ನು ಹೊಗಳುವರು. ಹೊಗಳಿಕೆ ಯೋಗ್ಯವೇ. ಆದರೆ ಗಟ್ಟಿತನಕ್ಕೆ ಕಪ್ಪು ಬಣ್ಣವೇ ಕಾರಣವೆಂಬ ಮಾತನ್ನು ಕುದುರೆಗಳ ಗೊರಸಿನ ಮೇಲೆ ನಡೆದ ಪರೀಕ್ಷೆಗಳು ಎತ್ತಿಹಿಡಿಯುವುದಿಲ್ಲ. ಗಟ್ಟಿತನ ತಳಿ, ಆಹಾರ, ತೇವ ಇವುಗಳನ್ನು ಅವಲಂಬಿಸಿದೆ.

ಇಂದಿನ ದಿನಗಳಲ್ಲಿ ನಮ್ಮ ಗಮನ ಬೇಕಾಗಿರುವುದು ಎತ್ತಿಗಿಂತಲೂ ಹೆಚ್ಚಾಗಿ ಹಟ್ಟಿಯ ಮಿಶ್ರತಳಿ ಹಸುವಿಗೆ. ಅದು ನಡೆಯುವುದೇ ಕಡಿಮೆ. ಗೊರಸು ಬೆಳೆದು ಮುಂದಕ್ಕೆ ಬಾಗಿ, ಭಾರ ಹಿಮ್ಮಡಿಗೆ ಬೀಳುತ್ತದೆ. ಹಿಂಗಾಲಿನಲ್ಲಿ ಹೊರಬೆರಳು ಒಳಬೆರಳಿಗಿಂತ ಎತ್ತರವಾಗಿ ಬೆಳೆದು, ಅದರಡಿಯಲ್ಲಿ ಹುಣ್ಣಾಗುವುದು ಸಾಮಾನ್ಯ. ಇದಕ್ಕೆ ನೆದರ್ಲೆಂಡಿನ ಟೂಸೆಂಟ್ ರಾವೆನ್ ಎಂಬ ಪಶುವೈದ್ಯನು ರೂಪಿಸಿದ ಕ್ರಮ ಹೆಸರಾಗಿದೆ. ಆ ದೇಶದ ದೊಡ್ಡ ಹಸುಗಳಿಗೆ ಒಳಬೆರಳಿನ ಮುಂಗೋಡೆಯನ್ನು ಸುಮಾರು 75 ಮಿಲಿಮೀಟರಿಗೆ ಕತ್ತರಿಸಿ, ಹೊರಬೆರಳನ್ನು ಅದಕ್ಕೆ ಸಮವಾಗಿಸಿ, ಭಾರ ಎರಡಕ್ಕೂ ಹಂಚಿಹೋಗುವಂತೆ ಮಾಡುವರು. ಲಾಳದ ಹೆಸರನ್ನೇ ಕೇಳದ ಹಸುವಿಗೂ ಗೊರಸಿನ ಆರೈಕೆ ಬೇಕೆಂಬುದು ಇದರಿಂದ ವಿದಿತ.

ತಪ್ಪು ಮೊಳೆಯ ಬೆಲೆ

ಒಳ್ಳೆಯ ಲಾಳದ ಮೊಳೆಯ ತುದಿ ಒಂದು ಬದಿಗೆ ಓರೆಯಾಗಿರುತ್ತದೆ. ಬಡಿದಾಗ ಅದು ಹೊರಕ್ಕೆ ಬಾಗಿ ಗೋಡೆಯಿಂದ ಹೊರಬರುತ್ತದೆ. ಹೊರಬಂದ ತುದಿಯನ್ನು ಮುರಿದು ಮಡಿಸುವರು. ಮೊಳೆಯ ಮುಖ ತಿರುವುಮುರುವಾದರೆ ಅದು ಒಳಕ್ಕೆ ಬಾಗಿ ಜೀವಕ್ಕೆ ತಾಗುವುದು. ತಾಗದೆ ಹತ್ತಿರ ಹೋಗಿ ಒತ್ತಿದರೂ ಸಾಕು, ಒಂದೆರಡು ದಿನಗಳಲ್ಲಿ ಪ್ರಾಣಿ ಕುಂಟತೊಡಗುವುದು, ಗೊರಸು ಮುಟ್ಟಿದರೆ ಬಿಸಿಯಾಗಿರುವುದು. ಆಗ ತಡಮಾಡದೆ ಮೊಳೆ ಕಿತ್ತು, ಪಶುವೈದ್ಯರನ್ನು ಕರೆಯಬೇಕು. ಇಂಥ ಗಾಯದಿಂದ ಧನುರ್ವಾಯು ತಗಲುವ ಭಯವಿದೆ. ಕುದುರೆಗಳು ಈ ರೋಗಕ್ಕೆ ಬಹು ಸುಲಭವಾಗಿ ತುತ್ತಾಗುವುವು.

ಬಿತ್ತನೆಯ ಹದ ಬಂದ ವಾರ ಜೋಡಿಯಲ್ಲಿ ಒಂದು ಎತ್ತು ಕುಂಟಿದರೆ ಆ ರೈತನಿಗೆ ತಪ್ಪುವುದು ಒಂದು ದಿನದ ಕೆಲಸವಲ್ಲ, ಒಂದು ಹಂಗಾಮು. ಮೊಳೆಯ ಬೆಲೆ ಬಿಡಿಗಾಸು. ತಪ್ಪು ಮೊಳೆಯ ಬೆಲೆ ವರುಷದ ಅನ್ನ. ಈ ಕಸುಬಿನ ಹೊಣೆಯನ್ನು ಮನಗಂಡೇ ಭಾರತ ಸರಕಾರವು ಪ್ರಾಣಿಹಿಂಸೆ ತಡೆಯುವ ಕಾನೂನಿನ ಅಡಿಯಲ್ಲಿ, ಲಾಳಗಾರರು ಪರವಾನಗಿ ಪಡೆಯಬೇಕೆಂಬ ನಿಯಮಗಳನ್ನು 1965ರಲ್ಲಿ ಮಾಡಿತು.

ಹಾಗಾದರೆ ಯಾವುದು ಲೇಸು?

ಪ್ರಾಣಿ ಯಾವುದು, ನೆಲ ಎಂಥದು, ಕೆಲಸ ಎಷ್ಟು ಎಂಬ ಮೂರನ್ನು ಕೇಳದೆ ಕೊಟ್ಟ ಉತ್ತರ ಯಾವ ಪಕ್ಷದ್ದಾದರೂ ಅರೆಯುತ್ತರವೇ. ಹುಲ್ಲುಗಾವಲಿನ ಮರಿಗೆ ಲಾಳ ಹೊರೆ. ಡಾಂಬರು ರಸ್ತೆಯ ಟಾಂಗಾ ಕುದುರೆಗೆ ಲಾಳವಿಲ್ಲದಿರುವುದು ಹಿಂಸೆ. ಹೊಲದ ಎತ್ತಿಗೆ ಬರಿಗಾಲು ಸಾಕು. ಸುಗ್ಗಿಯಲ್ಲಿ ಚಕ್ಕಡಿ ಹೂಡುವಾಗ ಅದಕ್ಕೂ ಲಾಳ ಬೇಕಾಗಬಹುದು. ಹಟ್ಟಿಯ ಹಸುವಿಗೆ ಬೇಕಾದುದು ಕತ್ತರಿ ಮತ್ತು ಒಣನೆಲ. ಮರದ ನೆರಳಿನಲ್ಲಿ ಕುಳಿತ ಲಾಳಗಾರನು ಶಾಲೆಯಲ್ಲಿ ಈ ಪಾಠ ಓದಿರಲಾರನು; ಆದರೆ ಗೊರಸನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಅವನು ಕೇಳುವ ಮೊದಲ ಮಾತು ‘ಎತ್ತು ಎಲ್ಲಿ ದುಡಿಯುತ್ತದೆ?’ ಎಂಬುದೇ ಆಗಿದ್ದರೆ ಅವನು ಕಸುಬನ್ನು ಬಲ್ಲವನೆಂದು ತಿಳಿಯಿರಿ.

ನೀವೇ ಮಾಡಿ ನೋಡಿರಿ

1. ಮನೆಯ ಹಸು ಅಥವಾ ಎತ್ತಿನ ಗೊರಸಿನ ಮೇಲ್ಗಡೆ, ಕೂದಲಿನ ಅಂಚಿಗೆ ಸ್ವಲ್ಪ ಕೆಳಗೆ, ಹಿರಿಯರ ಸಹಾಯದಿಂದ ಅರದಿಂದ ತೆಳುವಾದ ಗೆರೆಯೊಂದನ್ನು ಎಳೆಯಿರಿ. ಕೂದಲಿನ ಅಂಚಿನಿಂದ ಗೆರೆಗಿರುವ ದೂರವನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಿರಿ. ಇದು ಬೆಳವಣಿಗೆ. ಗೆರೆಯಿಂದ ತುದಿಗಿರುವ ದೂರ ಎಷ್ಟು ಕಡಿಮೆಯಾಯಿತೆಂದು ನೋಡಿದರೆ ಸವೆತ ತಿಳಿಯುವುದು.

2. ಕತ್ತರಿಸಿ ಬಿಸುಟ ಗೊರಸಿನ ತುಂಡನ್ನು ತೂಗಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಮತ್ತೆ ತೂಗಿರಿ. ಅದು ಎಷ್ಟು ನೀರು ಹೀರಿತು? ನೆನೆಯುವ ಮೊದಲೂ ಅನಂತರವೂ ಉಗುರಿನಿಂದ ಒತ್ತಿ ಗಟ್ಟಿತನವನ್ನು ಹೋಲಿಸಿರಿ.

3. ಮೇಲಿನ ಲೆಕ್ಕದಲ್ಲಿ ಮಳೆಗಾಲದ ನಾಲ್ಕು ತಿಂಗಳು ಹೊಲದ ಕೆಲಸ, ಉಳಿದ ಎಂಟು ತಿಂಗಳು ಚಕ್ಕಡಿಯ ಕೆಲಸ ಎಂದಿಟ್ಟುಕೊಂಡರೆ, ಎತ್ತಿಗೆ ಯಾವ ತಿಂಗಳಿನಿಂದ ಲಾಳ ಬೇಕಾಗುವುದು? ಕಾರಣಗಳನ್ನು ಕೊಟ್ಟು ಉತ್ತರಿಸಿರಿ.